ಹಿತ್ತಲಿನ ಅಂಜೂರ

ಹಲಸೂರಿನ ಒಂದು ಬೀದಿಯಲ್ಲಿ ಹದಿನೇಳು ಮನೆಗಳ ಹಿತ್ತಲು ಒಂದೇ ವಾರದಲ್ಲಿ ಅಗೆದುಹೋದದ್ದಕ್ಕೆ ಜಪಾನಿನವರು ಕಾರಣವೆಂದು ಇಂದಿಗೂ ಕೆಲವರು ನಂಬಿದ್ದಾರೆ. ಅದು ತಪ್ಪು. ಕಾರಣ ಒಂದು ಒಣ ಅಂಜೂರ.

ಸಾವಿರದ ಒಂಬೈನೂರ ನಲವತ್ತೆರಡನೆಯ ಇಸವಿ, ಏಪ್ರಿಲ್ ತಿಂಗಳು. ಅಂಜನಮೂರ್ತಿ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಸೈನ್ಯದ ಉಗ್ರಾಣವೊಂದರ ಗುಮಾಸ್ತ. ಸಿಪಾಯಿಗಳ ಕಂಬಳಿಗಳಲ್ಲಿ ಹುಳು ಹಿಡಿದದ್ದು ಯಾವುದು, ಹಿಡಿಯದ್ದು ಯಾವುದು ಎಂದು ಬೇರೆ ಮಾಡಿಸುವುದು ಅವನ ಕೆಲಸ. ಮಹಾಯುದ್ಧಕ್ಕೂ ಅವನಿಗೂ ಇದ್ದ ಸಂಬಂಧ ಅಷ್ಟೇ. ತಂದೆ ಇಲ್ಲದ ಮನೆಯಾದ್ದರಿಂದ ತಂಗಿ ಆದಿಲಕ್ಷ್ಮಿಯ ಮದುವೆ ಅವನ ಹೆಗಲ ಮೇಲಿತ್ತು. ಅವಳನ್ನು ನೋಡಲು ಆ ದಿನ ಕಮ್ಮನಹಳ್ಳಿಯಿಂದ ಬೈಲಪ್ಪನವರು ಹೆಂಡತಿ ಮಾರಕ್ಕನನ್ನೂ ಮಗನನ್ನೂ ಕರೆದುಕೊಂಡು ಬಂದಿದ್ದರು.

ಎಲ್ಲವೂ ಚೆನ್ನಾಗಿಯೇ ನಡೆಯಿತು. ಹುಡುಗಿ ಕಾಫಿ ತಂದಳು, ಚೆಲ್ಲಲಿಲ್ಲ. ಹುಡುಗ ತಲೆ ತಗ್ಗಿಸಿ ಕೂತಿದ್ದ, ಎತ್ತಲಿಲ್ಲ. ಅಂಜನಮೂರ್ತಿಯ ಹೆಂಡತಿ ವೆಂಕಟಮ್ಮ ಉಪ್ಪಿಟ್ಟಿನ ಪಕ್ಕದಲ್ಲಿ ಮರ್ಯಾದೆಗೆ ನಾಲ್ಕು ಒಣ ಅಂಜೂರ ಇಟ್ಟಿದ್ದಳು. ಹಿಂದಿನ ಸಂಜೆ ರಸೆಲ್ ಮಾರುಕಟ್ಟೆಯಿಂದ ತಂದದ್ದು. ಬೈಲಪ್ಪನವರು ಒಂದನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿ, "ಇದೆಲ್ಲಿದು?" ಎಂದರು.

ಮಾರುಕಟ್ಟೆಯದು ಎಂದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಎದುರಿಗೆ ಕೂತವರು ದ್ರಾಕ್ಷಿ ತೋಟದವರು, ಹತ್ತು ಎಕರೆಯ ಯಜಮಾನರು. ಕಂಬಳಿ ಗುಮಾಸ್ತನಿಗೆ ತನಗೂ ಭೂಮಿತಾಯಿಗೂ ಒಂದಿಷ್ಟು ಪರಿಚಯವಿದೆ ಎಂದು ತೋರಿಸಿಕೊಳ್ಳುವ ಆಸೆಯಾಯಿತು.

"ಹಿತ್ತಲಿಂದು," ಎಂದ.

"ನಿಮ್ಮ ಹಿತ್ತಲಿಂದಾ? ಈ ಹಲಸೂರಿನ ಜೇಡಿಮಣ್ಣಲ್ಲಿ ಅಂಜೂರ?"

"ಮೂರು ಮರ ಇದಾವೆ."

ವೆಂಕಟಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಅವರ ಹಿತ್ತಲಿನಲ್ಲಿ ಇದ್ದದ್ದು ಒಂದು ಬಟ್ಟೆ ಒಗೆಯುವ ಕಲ್ಲು, ಒಂದು ನುಗ್ಗೆಯ ಮೋಟು.

ಬೈಲಪ್ಪನವರು ಎದ್ದೇ ಬಿಟ್ಟರು. "ನಾನು ಎರಡು ಸಲ ಹಾಕಿ ಸೋತಿದೀನಿ ಕಣ್ರೀ. ನಡೀರಿ, ನೋಡ್ಬಿಡೋಣ."

ಅಂಜನಮೂರ್ತಿಯ ಪುಣ್ಯಕ್ಕೆ ಮಾರಕ್ಕ ಸೆರಗು ಸರಿಮಾಡಿಕೊಂಡು, "ರಾಹುಕಾಲ ಬರೋಷ್ಟರಲ್ಲಿ ಗಾಡಿ ಹತ್ಬೇಕು. ಮರ ಎಲ್ಲಿಗೆ ಓಡಿ ಹೋಯ್ತದೆ?" ಎಂದರು.

"ಅದೂ ಸರಿ. ಇವತ್ತಿಂದ ಮೂರನೇ ಶುಕ್ರವಾರ ವೀಳ್ಯ ಬದಲಾಯಿಸೋಕೆ ಬರ್ತೀವಲ್ಲ, ಆವತ್ತು ಮೊದಲು ಮರ ನೋಡ್ತೀನಿ, ಆಮೇಲೆ ತಾಂಬೂಲ ಮುಟ್ತೀನಿ," ಎಂದು ಬೈಲಪ್ಪನವರು ನಗುತ್ತ ಜಟಕಾ ಹತ್ತಿದರು.

ಜಟಕಾ ತಿರುವು ದಾಟಿದ ಮೇಲೆ ವೆಂಕಟಮ್ಮ ಬಾಯಿ ಬಿಟ್ಟಳು. "ರೀ, ಆ ಮನುಷ್ಯ ಕೆ.ಆರ್. ಪುರದ ಸಂಬಂಧ ಯಾಕೆ ಬಿಟ್ಟ ಗೊತ್ತಾ? ಹೆಣ್ಣಿನ ಕಡೆಯವರು ಪಕ್ಕದ ಮನೆ ಎಮ್ಮೆ ತಂದು ತಮ್ಮ ಕೊಟ್ಟಿಗೇಲಿ ಕಟ್ಟಿದ್ರಂತೆ. ಕಾಫಿ ಕುಡೀತಾ ಇರುವಾಗ ಎಮ್ಮೆ ಹಗ್ಗ ಕಿತ್ಕೊಂಡು ಅದರ ಮನೆಗೆ ಹೋಯ್ತಂತೆ. ಬೈಲಪ್ಪನೋರು ಅರ್ಧ ಲೋಟ ಕಾಫಿ ಹಾಗೇ ಇಟ್ಟು ಎದ್ದು ಬಂದ್ರಂತೆ. ಸುಳ್ಳು ಹೇಳಿದೋರ ಹೊಸ್ತಿಲು ಮತ್ತೆ ತುಳಿಯೋರಲ್ಲ ಅವರು."

ಅಂಜನಮೂರ್ತಿ ತಂಗಿಯ ಕಡೆ ತಿರುಗಿದ. "ಹುಡುಗ ಹೇಗವ್ವಾ? ಒಪ್ಪಿಗೆ ಏನು?"

"ಮಾತು ಕಡಿಮೆ," ಎಂದಳು ಆದಿಲಕ್ಷ್ಮಿ. "ಇಪ್ಪತ್ತು ವರ್ಷ ಈ ಮನೇಲಿ ಇದ್ದೋಳಿಗೆ ಅಷ್ಟು ಸಾಕಣ್ಣ." ಹೇಳಿ ಒಳಗೆ ಹೋದಳು. ಮೂವತ್ತು ಸಂಬಂಧ ನೋಡಿ ಆಗಿತ್ತು. ಒಪ್ಪಿಗೆಯ ಮಾತು ಅವಳ ಬಾಯಿಂದ ಬಂದದ್ದು ಇದೊಂದಕ್ಕೇ.

ಈಗ ಅಂಜನಮೂರ್ತಿಗೆ ಹತ್ತೊಂಬತ್ತು ದಿನಗಳಲ್ಲಿ ಮೂರು ಅಂಜೂರದ ಮರ ಬೇಕಾಗಿತ್ತು.

ರಸೆಲ್ ಮಾರುಕಟ್ಟೆಯ ಹಿಂದೆ ಗಿಡ ಮಾರುವ ಶಫಿ ಎಂಬವನಿದ್ದ. ಅವನ ಹತ್ತಿರ ಎದೆಯೆತ್ತರದ ಮೂರು ಸಸಿಗಳು ಸಿಕ್ಕವು. "ಬೇಸಿಗೇಲಿ ನೆಡ್ತೀರಾ ಸಾರ್? ಮಳೆ ಬಿದ್ದ ಮೇಲೆ ನೆಟ್ರೆ ಒಳ್ಳೇದು," ಎಂದ ಶಫಿ. "ಮಳೆ ಬೀಳೋವರೆಗೆ ನನಗೆ ಪುರುಸೊತ್ತಿಲ್ಲ," ಎಂದ ಅಂಜನಮೂರ್ತಿ. "ಹಂಗಾದ್ರೆ ಗುಂಡಿ ದೊಡ್ಡದಾಗಿ ತೋಡಿ," ಎಂದ ಶಫಿ. ಎಷ್ಟು ದೊಡ್ಡದು ಎಂದು ಇವನು ಕೇಳಲಿಲ್ಲ, ಅವನು ಹೇಳಲಿಲ್ಲ.

ಎಲೆ ಬಾಡದಿರಲೆಂದು ಸಸಿಗಳನ್ನು ಬಚ್ಚಲುಮನೆಯಲ್ಲಿ ನಿಲ್ಲಿಸಿ, ಆಫೀಸಿಗೆ ಮೂರು ದಿನ ರಜೆ ಬರೆದು, ಅಂಜನಮೂರ್ತಿ ಗುದ್ದಲಿ ಹಿಡಿದ. ಹಲಸೂರಿನ ಜೇಡಿಮಣ್ಣು ಬೇಸಿಗೆಯಲ್ಲಿ ಕಲ್ಲು. ಮೊದಲ ಏಟಿಗೆ ಗುದ್ದಲಿ ಟಣ್ಣೆಂದು ವಾಪಸು ಬಂತು. ನೀರು ಸುರಿದು ಕಾದ. ಆಗ ಅದು ಕಲಸಿದ ಹಿಟ್ಟಾಯಿತು. ಗುದ್ದಲಿ ಒಳಗೆ ಹೋಯಿತು, ಆಚೆ ಬರಲಿಲ್ಲ. ಕಲ್ಲಿಗೂ ಹಿಟ್ಟಿಗೂ ನಡುವೆ ಮಣ್ಣು ಮಣ್ಣಾಗಿರುವುದು ಬೆಳಗಿನ ಸುಮಾರು ಅರ್ಧ ಗಂಟೆ ಮಾತ್ರ ಎಂಬ ಸತ್ಯವನ್ನು ಎರಡನೆಯ ದಿನ ಕಂಡುಕೊಂಡ. ಮೂರನೆಯ ದಿನದ ಹೊತ್ತಿಗೆ ಎಂಟು ಅಡಿಗೊಂದರಂತೆ ಸಾಲಾಗಿ ಮೂರು ಗುಂಡಿಗಳು ಎದೆಮಟ್ಟ ಇಳಿದಿದ್ದವು. ಪಕ್ಕದಲ್ಲಿ ಮೂರು ಮಣ್ಣಿನ ಗುಡ್ಡೆ.

ಪಕ್ಕದ ಮನೆಯ ಗೋಡೆಯ ಮೇಲೆ ಅಹ್ಮದ್ ಪಾಷಾನ ತಲೆ ಕಾಣಿಸಿತು. ಪಾಷಾ ಜಟಕಾದವನು. ಹಲಸೂರಿಗೂ ಕಮ್ಮನಹಳ್ಳಿಗೂ ನಡುವೆ ಓಡಾಡುವುದು ಅವನ ಗಾಡಿಯೇ. ಬೈಲಪ್ಪನವರನ್ನು ಕರೆತಂದದ್ದೂ ಅವನೇ.

"ಕ್ಯಾ ಮೂರ್ತಿ ಸಾಬ್, ಈ ಬಿಸಿಲಿನಾಗೆ ಏನ್ ತೋಡ್ತೀರಿ?"

ಗಿಡ ನೆಡುತ್ತಿದ್ದೇನೆ ಎಂದರೆ ನಾಳೆ ಬೆಳಗಾಗುವಷ್ಟರಲ್ಲಿ ಕಮ್ಮನಹಳ್ಳಿಗೆ ಸುದ್ದಿ. ಅಂಜನಮೂರ್ತಿ ಗುಂಡಿಯೊಳಗಿಂದಲೇ, "ಏನಿಲ್ಲ ಪಾಷಾ ಸಾಹೇಬ್ರೆ. ಆಫೀಸಿನ ವಿಷಯ. ಯಾರಿಗೂ ಹೇಳ್ಬೇಡಿ," ಎಂದ.

ಪಾಷಾ ಗುಂಡಿಗಳನ್ನು ನೋಡಿದ. ಮೂರು. ಮನೆಯಲ್ಲಿ ಜನ ಎಷ್ಟು? ಗಂಡ, ಹೆಂಡತಿ, ತಂಗಿ. ಮೂರು. ಆಳ ಎಷ್ಟು? ಕೂತರೆ ತಲೆ ಮುಚ್ಚುವಷ್ಟು. ಆಫೀಸು ಯಾವುದು? ಮಿಲಿಟರಿ. ಅದೇ ವಾರ ವಿಶಾಖಪಟ್ಟಣದ ಮೇಲೆ ಜಪಾನಿನವರ ಬಾಂಬು ಬಿದ್ದಿತ್ತು. ಮದ್ರಾಸಿನ ಜನ ಹಾಸಿಗೆ ಪಾತ್ರೆ ಸಮೇತ ದಂಡಿನ ರೈಲ್ವೆ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದರು. ಪಾಷಾ ತಲೆಯೆತ್ತಿ ಒಮ್ಮೆ ಆಕಾಶ ನೋಡಿದ.

"ಸಮಝ್ ಗಯಾ ಸಾಬ್, ಗೊತ್ತಾಯ್ತು," ಎಂದು ತಲೆ ಕೆಳಗಿಳಿಸಿದ.

ಪಾಷಾ ಮಾತು ಕೊಟ್ಟರೆ ತಪ್ಪುವವನಲ್ಲ. ಯಾರಿಗೂ ಹೇಳಲಿಲ್ಲ. ಆ ಸಂಜೆ ಸುಮ್ಮನೆ ತನ್ನ ಹಿತ್ತಲಿನಲ್ಲಿ ಏಳು ಗುಂಡಿ ತೋಡಲು ಶುರುಮಾಡಿದ, ಅಷ್ಟೇ. ಎಂಟನೆಯದು, ಉದ್ದನೆಯದು, ಕುದುರೆಗೆ. ಎದುರುಮನೆಯ ರಾಮಲಕ್ಷ್ಮಮ್ಮ ಮೊರ ಹಿಡಿದುಕೊಂಡು ಬಂದು, "ಯಾಕಪ್ಪಾ ಪಾಷಾ?" ಎಂದರು. ಪಾಷಾ ಕಣ್ಣಲ್ಲಿ ನೀರು ತುಂಬಿಕೊಂಡು, "ನನ್ನ ಕೇಳ್ಬೇಡಿ ಅಮ್ಮಾ. ಮೂರ್ತಿ ಸಾಬ್ ಹಿತ್ತಲು ನೋಡಿ. ಆಫೀಸಲ್ಲಿ ಗೊತ್ತಾಗದೆ ಅಂಥಾ ಮನುಷ್ಯ ಮೈ ಬಗ್ಗಿಸ್ತಾರಾ?" ಎಂದ.

ಅಂಜನಮೂರ್ತಿ ಮೈ ಬಗ್ಗಿಸಿದ್ದನ್ನು ಬೀದಿಯಲ್ಲಿ ಯಾರೂ ನೋಡಿರಲಿಲ್ಲ. ನಾಲ್ಕು ದಿನದಲ್ಲಿ ಹದಿನೇಳು ಹಿತ್ತಲು ಅಗೆದಾಯಿತು. ಗುದ್ದಲಿಗೆ ಸರದಿ ಹಚ್ಚಿದರು. ಅಗೆಯಲಾಗದವರು ಪೂರ್ವದ ಹಳ್ಳಿಗಳಲ್ಲಿ ನೆಂಟರನ್ನು ನೆನಪಿಸಿಕೊಂಡರು. ರಾಮಲಕ್ಷ್ಮಮ್ಮನಿಗೆ ಕಮ್ಮನಹಳ್ಳಿಯ ಮಾರಕ್ಕ ದೂರದ ನೆಂಟರಾಗಬೇಕು. ಎಷ್ಟು ದೂರದವರೆಂದರೆ ಹತ್ತು ವರ್ಷ ಇಬ್ಬರೂ ಮುಖ ನೋಡಿರಲಿಲ್ಲ. ಆಕೆ ಗಂಟು ಕಟ್ಟಿ ಹೊರಟಾಗ, ಜೊತೆಗಿರಲಿ ಎಂದು ಇನ್ನೂ ಐದು ಮನೆಯವರು ಹೊರಟರು. ಪಾಷಾನ ಜಟಕಾ ಎರಡು ಸಲ ಹೋಗಿ ಬಂತು.

ಇದೊಂದೂ ತಿಳಿಯದ ಅಂಜನಮೂರ್ತಿ ಹಲಸೂರು ಕೆರೆಯಿಂದ ಒಂದು ಗಾಡಿ ಗೋಡು, ಅಂದರೆ ಕೆರೆಯ ಹೂಳು, ಹೊಡೆಸಿದ. ಹಳ್ಳಿಗಳಲ್ಲಿ ರೈತರು ಕೆರೆಯ ತಳದ ಗೋಡನ್ನು ಹೊಲಕ್ಕೆ ಹಾಕುವುದನ್ನು ಅವನು ಚಿಕ್ಕಂದಿನಿಂದ ನೋಡಿದ್ದ. ಹೊಲಕ್ಕೆ ಒಳ್ಳೆಯದು ಹಿತ್ತಲಿಗೂ ಒಳ್ಳೆಯದೇ ಇರಬೇಕಲ್ಲ. ಎರಡೆರಡು ಮಂಕರಿ ಗೋಡು ತಳಕ್ಕೆ ಹಾಕಿ, ಸಸಿಗಳನ್ನು ಇಳಿಸಿ, ಇನ್ನು ಅವನ್ನು ಮೇಲಕ್ಕೆತ್ತಿ ಹಿಡಿದು ಮಣ್ಣು ತುಂಬಬೇಕು ಎನ್ನುವಾಗ ಬಾಗಿಲಲ್ಲಿ ಸೀಟಿ ಕೇಳಿಸಿತು.

ಬಂದವರು ಶ್ರೀರಾಮಪ್ಪನವರು. ನಿವೃತ್ತ ಮೇಷ್ಟ್ರು, ಈಗ ವಾಯುದಾಳಿಯಿಂದ ಬೀದಿಯನ್ನು ಕಾಪಾಡುವ ವಾರ್ಡನ್. ತಗಡಿನ ಟೋಪಿ, ತೋಳಿಗೆ ಪಟ್ಟಿ, ಕತ್ತಿನಲ್ಲಿ ಸೀಟಿ, ಕೈಯಲ್ಲಿ ನಿಯಮಗಳ ಪುಸ್ತಕ. ಆರು ತಿಂಗಳಿಂದ ಕಂದಕ ತೋಡಿ ಎಂದು ಭಾಷಣ ಮಾಡಿದ್ದರು. ಒಬ್ಬರೂ ಒಂದು ಹಿಡಿ ಮಣ್ಣು ಎತ್ತಿರಲಿಲ್ಲ.

"ಮೂರ್ತಿ, ನೀನು ನನ್ನ ಕ್ಲಾಸಲ್ಲಿ ಎರಡು ಸಲ ಫೇಲಾದಾಗ ನಾನು ನಿನ್ನ ತಪ್ಪು ತಿಳ್ಕೊಂಡಿದ್ದೆ," ಎಂದು ಅವರು ಅವನ ಮಣ್ಣು ಮೆತ್ತಿದ ಕೈಯನ್ನೇ ಹಿಡಿದುಕೊಂಡರು. ಆಮೇಲೆ ಹಗ್ಗ ತೆಗೆದು ಗುಂಡಿ ಅಳೆದರು. "ಪುಸ್ತಕದಲ್ಲಿ ಅಂಕುಡೊಂಕಾಗಿ ತೋಡಬೇಕು ಅಂತಿದೆ. ನೀನು ದುಂಡಗೆ ತೋಡಿದೀಯ. ಇರ್ಲಿ. ಒಬ್ಬೊಬ್ಬರಿಗೆ ಒಂದೊಂದು, ಅಲ್ವೇ? ಮತ್ತೆ ಇದೇನು, ಒಳಗೆ ಗಿಡ?"

ಎದೆಮಟ್ಟದ ಗುಂಡಿಯಲ್ಲಿ ಎದೆಯೆತ್ತರದ ಸಸಿ. ನೆಲದ ಮಟ್ಟಕ್ಕೆ ನಾಲ್ಕು ಎಲೆ ಮಾತ್ರ ಕಾಣುತ್ತಿತ್ತು. ಬಾಂಬಿಗೆ ಹೆದರಿ ಸಸಿಗಳೇ ಮೊದಲು ಅಡಗಿ ಕೂತಂತಿದ್ದವು.

ಅಂಜನಮೂರ್ತಿ ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಹಣೆ ತಟ್ಟಿಕೊಂಡರು. "ಭಲೇ! ಮೇಲಿಂದ ವಿಮಾನದವನು ನೋಡಿದ್ರೆ ಬರೀ ಸೊಪ್ಪು! ಪುಸ್ತಕದಲ್ಲಿ ಇಪ್ಪತ್ತೆರಡನೇ ಪುಟದಲ್ಲಿದೆ, ನನಗೇ ಹೊಳೀಲಿಲ್ಲ. ಮುಚ್ಚಬೇಡ. ಒಂದು ಹಿಡಿ ಮಣ್ಣು ಹಾಕಿದ್ರೆ ಅಪರಾಧ, ನೆನಪಿರಲಿ. ಶುಕ್ರವಾರ ನಮ್ಮ ಇಲಾಖೆಯ ಸಾಹೇಬ್ರನ್ನೇ ಕರ್ಕೊಂಡು ಬರ್ತೀನಿ."

"ಶುಕ್ರವಾರ ಬೇಡ ಮೇಷ್ಟ್ರೆ..."

"ವಿನಯ ಒಳ್ಳೇದೇ. ಆದ್ರೆ ಅತಿಯಾಗಬಾರದು," ಎಂದು ಸೀಟಿ ಊದಿಕೊಂಡು ಹೋದರು.

ಬುಧವಾರ ಸಂಜೆ ಮಾವಿನ ಮಳೆ ಬಂತು. ಒಂದೇ ಗಂಟೆ, ಆದರೆ ಅಳೆದು ಸುರಿದಂತೆ ಸುರಿಯಿತು. ಬೇರೆ ಕಡೆ ಮಳೆ ನಿಂತ ಮೇಲೆ ನೀರು ಇಂಗುತ್ತದೆ. ಇಲ್ಲಿ ಜೇಡಿಮಣ್ಣಿನ ಗುಂಡಿ, ತಳಕ್ಕೆ ಕೆರೆಯ ಜೇಡಿಯದೇ ಲೇಪ. ಗುರುವಾರ ಬೆಳಿಗ್ಗೆ ಗುಂಡಿಗಳು ಮೂರು ದೊಡ್ಡ ಗಡಿಗೆಗಳಂತೆ ತುಂಬಿ ತುಳುಕುತ್ತಿದ್ದವು, ಮೂರು ಸಸಿಗಳು ಕುತ್ತಿಗೆಯವರೆಗೆ ಮುಳುಗಿ ನಿಂತಿದ್ದವು. ಶುಕ್ರವಾರದ ಹೊತ್ತಿಗೆ ನೀರು ಒಂದು ಗೇಣೂ ಇಳಿದಿರಲಿಲ್ಲ. ಎಲೆಗಳು ಹಳದಿಯಾಗಿದ್ದವು.

"ಅಣ್ಣ," ಎಂದಳು ಆದಿಲಕ್ಷ್ಮಿ, ಕಲ್ಲಿನ ಮೇಲೆ ಕೂತು ನೀರು ನೋಡುತ್ತ. "ಅವರು ಕೇಳಿದ್ರೆ ಏನು ಹೇಳ್ತೀ?"

"ಮರಗಳು ಕಾಯಿಲೆ ಬಿದ್ದವು, ಕಡಿದುಬಿಟ್ಟೆ, ಇವು ಅವುಗಳ ಮರಿ ಅಂತೀನಿ."

"ಹಾಗೆ ಹೇಳಿ ನನ್ನ ಕಳಿಸಿದ್ರೆ, ಆ ಮನೇಲಿ ಒಂದು ದಿನ ಗೊತ್ತಾಗತ್ತೆ. ಆವತ್ತು ನೀನಿರೋದಿಲ್ಲ. ನಾನಿರ್ತೀನಿ."

ಅವಳು ಎದ್ದು ತಲೆ ಬಾಚಿಕೊಳ್ಳಲು ಹೋದಳು. ಅಂಜನಮೂರ್ತಿ ಬಹಳ ಹೊತ್ತು ಗುಂಡಿಯ ಪಕ್ಕದಲ್ಲೇ ಕುಕ್ಕುರುಗಾಲಿನಲ್ಲಿ ಕೂತಿದ್ದ.

ಬೈಲಪ್ಪನವರು ಬೇಗ ಬಂದುಬಿಟ್ಟರು, ಒಬ್ಬರೇ. ತಾಂಬೂಲದ ತಟ್ಟೆಯಿಲ್ಲ, ಮಾರಕ್ಕನಿಲ್ಲ, ಮಗನಿಲ್ಲ. ಕಣ್ಣು ಕೆಂಪಗೆ, ಒಂದು ವಾರ ನಿದ್ದೆಗೆಟ್ಟವರ ಹಾಗೆ. ವೆಂಕಟಮ್ಮ ಚಾಪೆ ಹಾಸಿದಳು. ಅವರು ಕೂರಲಿಲ್ಲ, ನೆಟ್ಟಗೆ ಹಿತ್ತಲಿಗೆ ನಡೆದರು. ಅಷ್ಟರಲ್ಲಿ ಮುಂಬಾಗಿಲಲ್ಲಿ ಸೀಟಿ. ಶ್ರೀರಾಮಪ್ಪನವರೂ ಅವರ ಹಿಂದೆ ಕೆಂಪು ಮುಖದ ಎತ್ತರದ ಬಿಳಿಯ ಸಾಹೇಬನೂ ಬಂದರು. ಗೋಡೆಯ ಮೇಲೆ ಪಾಷಾನೂ ಬೀದಿಯಲ್ಲಿ ಉಳಿದಿದ್ದ ಗಂಡಸರೂ ಸಾಲಾಗಿ ತಲೆ ಇಟ್ಟರು.

ಬೈಲಪ್ಪನವರು ಗುಂಡಿಗಳನ್ನು ನೋಡಿ, ಗುಮಾಸ್ತನನ್ನು ನೋಡಿ, "ಎಲ್ರೀ ಮೂರ್ತಪ್ನೋರೆ, ಮರ?" ಎಂದರು.

ಅದೇ ಗಳಿಗೆಯಲ್ಲಿ ಸಾಹೇಬ ಗುಂಡಿಗೆ ಕೋಲು ಅದ್ದಿ ಇಂಗ್ಲಿಷಿನಲ್ಲಿ ಏನೋ ಕೇಳಿದ. ಶ್ರೀರಾಮಪ್ಪನವರು, "ಇದು ಏನು ಅಂತ ನಿನ್ನ ಬಾಯಲ್ಲೇ ಹೇಳ್ಬೇಕಂತೆ, ಮೂರ್ತಿ," ಎಂದರು.

ಕಂದಕ ಎಂದರೆ ಸಾಹೇಬನ ಮೆಚ್ಚುಗೆ, ಬೀದಿಯ ಗೌರವ, ಜೊತೆಗೆ ತಂಗಿಯ ಸಂಬಂಧಕ್ಕೆ ಎಳ್ಳುನೀರು. ಮರದ ಮರಿ ಎಂದರೆ ಸಂಬಂಧ ಉಳಿದೀತು. ಗೋಡೆಯ ಮೇಲಿನವರು ತನ್ನನ್ನು ಉಳಿಸುವುದು ಅನುಮಾನ. ಬಾಗಿಲಲ್ಲಿ ಆದಿಲಕ್ಷ್ಮಿ ನಿಂತಿದ್ದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಕಾಯುತ್ತಿದ್ದಳು, ಅಷ್ಟೇ.

"ಮರ ಇಲ್ಲ," ಎಂದ ಅಂಜನಮೂರ್ತಿ. "ಯಾವತ್ತೂ ಇರ್ಲಿಲ್ಲ. ಆ ಹಣ್ಣು ರಸೆಲ್ ಮಾರುಕಟ್ಟೆಯದು. ನಿಮ್ಮೆದುರು ದೊಡ್ಡಸ್ತಿಕೆಗೆ ಹಿತ್ತಲಿಂದು ಅಂದ್ಬಿಟ್ಟೆ. ಆಮೇಲೆ ನಿಜ ಮಾಡೋಣ ಅಂತ ಈ ಗಿಡ ತಂದೆ. ಇದು ಬಾಂಬಿಗೂ ಅಲ್ಲ, ಜಪಾನಿಗೂ ಅಲ್ಲ. ನಮ್ಮಾಫೀಸಲ್ಲಿ ನನಗೆ ಕಂಬಳಿ ಹುಳು ಬಿಟ್ಟು ಬೇರೇನೂ ಗೊತ್ತಿಲ್ಲ. ನಮ್ಮ ಹುಡುಗಿ ಒಂದು ಸುಳ್ಳೂ ಹೇಳಿಲ್ಲ, ಸ್ವಾಮಿ. ಅವಳ ಮೇಲೆ ತೀರಿಸ್ಬೇಡಿ."

ಗೋಡೆಯ ಮೇಲಿಂದ ಯಾರೋ, "ನನ್ನ ಕನಕಾಂಬರದ ಮಡಿ ನಾನೇ ಅಗೆದು ಹಾಕಿದೆನಲ್ಲಯ್ಯಾ!" ಎಂದು ಕೂಗಿದರು. "ನನ್ನ ಕುದುರೆ ಗುಂಡಿಗೆ ಬಿದ್ದು ಕುಂಟ್ತಾ ಇದೆ ಸಾಬ್!" ಎಂದ ಪಾಷಾ.

ಅಂಜನಮೂರ್ತಿ ಏನು ಹೇಳಿದನೆಂದು ಸಾಹೇಬ ಕೇಳಿದ. ಆರು ತಿಂಗಳಲ್ಲಿ ಮೊದಲ ಬಾರಿ ಒಂದು ಬೀದಿ ಅಗೆಸಿದ್ದ ಶ್ರೀರಾಮಪ್ಪನವರು ಬೆವರು ಒರೆಸಿಕೊಂಡು, ನಡುಗದ ಇಂಗ್ಲಿಷಿನಲ್ಲಿ, ಸಾಮ್ರಾಜ್ಯದ ರಕ್ಷಣೆಗೆ ಇನ್ನೂ ನಾಲ್ಕು ತೋಡಲು ಸಿದ್ಧನೆಂದು ಹೇಳುತ್ತಿದ್ದಾನೆ ಎಂದರು. ಸಾಹೇಬ ಅಂಜನಮೂರ್ತಿಯ ಕೈ ಕುಲುಕಿ, ಗೋಡೆಯ ಮೇಲಿನ ಕೂಗನ್ನು ಜಯಘೋಷವೆಂದು ತಿಳಿದು ಅದಕ್ಕೂ ಟೋಪಿ ಎತ್ತಿ ಹೋದ.

ಬೈಲಪ್ಪನವರು ಮಾತ್ರ ಕದಲಲಿಲ್ಲ. ಬಗ್ಗಿ ಒಂದು ಸಸಿಯನ್ನು ಕಿತ್ತು, ಬೇರಿನ ಹತ್ತಿರ ಮೂಸಿ ಮುಖ ಹಿಂಡಿದರು.

"ಗೋಡು ಹಾಕಿದ್ರಾ?"

"ಎರಡೆರಡು ಮಂಕರಿ."

"ಗೋಡು ಹಾಕೋದು ನಮ್ಮ ಕೆಮ್ಮಣ್ಣಿಗೆ ಕಣ್ರೀ, ನೀರು ನಿಲ್ಲದೆ ಹರಿದು ಹೋಗ್ತದಲ್ಲ, ಅದಕ್ಕೆ. ಜೇಡಿಗೆ ಜೇಡಿ ಮೆತ್ತಿ ಗಡಿಗೆ ಮಾಡಿದೀರಿ. ಅಂಜೂರ ಏನು ತಾವರೇನಾ? ಅದರ ಬೇರಿಗೆ ಉಸಿರು ಬೇಕು." ಸುತ್ತ ನೋಡಿ, ಗುಂಡಿಯಿಂದ ತೆಗೆದ ಮಣ್ಣಿನ ಗುಡ್ಡೆಯನ್ನು ತೋರಿಸಿದರು. "ಇಂಥ ನೆಲದಲ್ಲಿ ಗುಂಡಿ ತೋಡಬಾರದು, ದಿಬ್ಬ ಕಟ್ಟಬೇಕು. ಈ ಮಣ್ಣಿಗೆ ಒಣಗಿದ ಸಗಣಿ ಗೊಬ್ಬರ ಕಲೆಸಿ, ಮೇಲೆ ನೆಟ್ಟು, ಬುಡಕ್ಕೆ ತರಗು ಹಾಸಿ. ಮಧ್ಯಾಹ್ನ ಒಂದು ಚಾಪೆ ನೆರಳು. ವಾರಕ್ಕೆರಡು ಸಲ ಸಂಜೆ ನೀರು, ಸಾಕು." ಹೇಳುತ್ತ ಹೇಳುತ್ತ ತಾವೇ ಪಂಚೆ ಎತ್ತಿ ಕಟ್ಟಿ ಗುಡ್ಡೆ ಕೆದರತೊಡಗಿದರು.

ಅಂಜನಮೂರ್ತಿಗೆ ಕೇಳದೆ ಇರಲಾಗಲಿಲ್ಲ. "ಸ್ವಾಮೀ... ಸಂಬಂಧ?"

"ಹಣ್ಣು ಹಿಡಿದ ದಿನವೇ ಗೊತ್ತಿತ್ತು. ನಡುವೆ ದಾರ ಪೋಣಿಸಿದ ತೂತು. ನಮ್ಮ ಕಡೆ ಯಾವ ಮರವೂ ಹಣ್ಣಿಗೆ ದಾರ ಪೋಣಿಸಿ ಬಿಡೋದಿಲ್ಲ. ಈ ಮನುಷ್ಯ ಎಲ್ಲಿವರೆಗೆ ಹೋಗ್ತಾನೆ ನೋಡೋಣ, ಶುಕ್ರವಾರ ಮತ್ತೊಂದು ಸುಳ್ಳು ಹೇಳಿದ್ರೆ ಎದ್ದು ಹೋಗೋಣ ಅಂತ ಒಬ್ಬನೇ ಬಂದೆ." ಸಸಿಯನ್ನು ಗುಡ್ಡೆಯ ಮೇಲೆ ನಿಲ್ಲಿಸಿ ಮಣ್ಣು ಒತ್ತಿದರು. "ಹೇಳ್ಲಿಲ್ಲ. ಮುಗೀತು. ನಾಳೆ ಮಾರಕ್ಕ ತಟ್ಟೆ ತಗೊಂಡು ಬರ್ತಾಳೆ."

ಬಾಗಿಲಲ್ಲಿ ಬಳೆ ಸದ್ದಾಯಿತು. ಆದಿಲಕ್ಷ್ಮಿ ಒಳಗೆ ಹೋಗಿದ್ದಳು.

"ಹುಡುಗಿ ಬಗ್ಗೆ ವಿಚಾರಿಸೋಕೆ ನಾವು ಹಲಸೂರಿಗೆ ಬರ್ಬೇಕಿತ್ತು," ಎಂದು ಬೈಲಪ್ಪನವರು ಕೈ ಕೊಡವಿಕೊಂಡರು. "ಹಲಸೂರೇ ನಮ್ಮನೆಗೆ ಬಂತು. ರಾಮಲಕ್ಷ್ಮಮ್ಮ ಮತ್ತೆ ಐದು ಮನೆ ಜನ, ಒಂಬತ್ತು ದಿನದಿಂದ. ನಿಮ್ಮ ತಂಗಿ ಎಷ್ಟು ತೆಳ್ಳಗೆ ರೊಟ್ಟಿ ತಟ್ತಾಳೆ, ಯಾವ ಬೆರಳಿಗೆ ಯಾವ ವರ್ಷ ಮುಳ್ಳು ಚುಚ್ತು, ಎಲ್ಲಾ ಗೊತ್ತಾಗಿದೆ. ಮಾರಕ್ಕ ಅವಳನ್ನ ಆಗಲೇ ಸೊಸೆ ಅಂತಿದ್ದಾಳೆ. ಆದ್ರೆ ಒಂದು ಷರತ್ತು."

"ಏನು ಸ್ವಾಮಿ?" ಎಂದ ಅಂಜನಮೂರ್ತಿ.

"ಅವರನ್ನ ವಾಪಸು ಕರೆಸ್ಕೊಳ್ಳಿ. ನನ್ನ ರಾಗಿ ಕಣಜ ತಳ ಕಂಡಿದೆ. ಮಲಗೋಕೆ ಜಾಗ ಇಲ್ಲದೆ ನಾನು ದ್ರಾಕ್ಷಿ ಚಪ್ಪರದಡಿ ಮಲಗ್ತಾ ಇದೀನಿ."

"ನಿಜ ಹೇಳಿಬಿಡ್ತೀನಿ ಸ್ವಾಮಿ. ಇವತ್ತೇ ಬಂದು ಎಲ್ರೆದುರು ಹೇಳ್ತೀನಿ."

"ನಾನು ಹೇಳಿ ನೋಡಿದೆ. ಆ ಗುಂಡಿ ಗಿಡಕ್ಕೆ ಇರ್ಬೇಕು, ಬಾಂಬೂ ಇಲ್ಲ ಗೀಂಬೂ ಇಲ್ಲ ಅಂದೆ. ಹಾಗೆ ಹೇಳಿ ಅಂತ ಆಫೀಸಿನೋರು ಮೂರ್ತಿಗೆ ತಾಕೀತು ಮಾಡಿರ್ತಾರೆ ಅಂದ್ಳು ರಾಮಲಕ್ಷ್ಮಮ್ಮ." ಬೈಲಪ್ಪನವರು ಸುತ್ತ ನೋಡಿ, ದನಿ ಇಳಿಸಿದರು. ಸುಳ್ಳು ಹೇಳಿದವರ ಹೊಸ್ತಿಲು ತುಳಿಯದ ಮನುಷ್ಯನ ಕಿವಿ ಕೆಂಪಾಗಿತ್ತು. "ಜಪಾನಿನೋರು ಹಲಸೂರು ಬಿಟ್ಟು ಕಮ್ಮನಹಳ್ಳಿ ಮೇಲೆ ಕಣ್ಣು ಹಾಕಿದಾರೆ ಅಂತ ಏನಾದ್ರೂ... ನಿಮ್ಮ ಬಾಯಿಂದ ಬಂದ್ರೆ ನಂಬ್ತಾರೆ."

ಶನಿವಾರ ಮಧ್ಯಾಹ್ನದೊಳಗೆ ಐದು ಮನೆಗಳ ಜನ ಹಲಸೂರಿಗೆ ವಾಪಸು ಬಂದರು. ಬಾರದೆ ಉಳಿದವರು ರಾಮಲಕ್ಷ್ಮಮ್ಮ ಒಬ್ಬರೇ. ಬಾಂಬು ಬಿದ್ದರೆ ಬೀಳಲಿ, ಮಾರಕ್ಕನನ್ನು ಈ ಹೊತ್ತಿನಲ್ಲಿ ಬಿಟ್ಟು ಬಂದರೆ ಮದುವೆ ಕೆಲಸ ಮಾಡುವವರು ಯಾರು ಎಂದರಂತೆ. ಮೇ ತಿಂಗಳ ಮೊದಲ ವಾರ ಮದುವೆಯಾಯಿತು. ರಾಮಲಕ್ಷ್ಮಮ್ಮ ಗಂಡಿನ ಕಡೆಯ ಗಾಡಿಯಲ್ಲಿ, ಗಂಡಿನ ಕಡೆಯವರು ಉಡಿಸಿದ ಸೀರೆಯಲ್ಲಿ ಬಂದು, ಇಪ್ಪತ್ತೈದು ವರ್ಷ ತಾವೇ ಬಾಳಿದ ಬೀದಿಯನ್ನು ಮೂಗು ಮುರಿದು ನೋಡಿದರು. ಬೀಗರಿಗೆ ಕಾಲು ತೊಳೆಯಲು ಇಟ್ಟ ನೀರು ತಣ್ಣಗಿತ್ತು ಎಂದು ಮೊದಲು ಗೊಣಗಿದವರೂ ಅವರೇ.